ಅಚ್ಚಿಗೆ ಹೋಗುವ ಮುನ್ನ ಆಡಬೇಕಾದ ಮಾತು

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಜೆ.ಸಿ. ರಸ್ತೆಯ ನಯನ ಸಭಾಂಗಣದಲ್ಲೋ ಊರೂರಿನ ಸಾಹಿತ್ಯ ಭವನಗಳಲ್ಲೋ ಪುಸ್ತಕ ಬಿಡುಗಡೆ ಇರುತ್ತದೆ. ಉಪ್ಪಿಟ್ಟು, ಕೇಸರಿಬಾತ್ ಆದ ಮೇಲೆ ಪ್ರಾರ್ಥನೆ, ಸ್ವಾಗತ. ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಎದೆಯ ಮುಂದೆ ಹಿಡಿದು ಸಾಲಾಗಿ ನಿಂತು ಒಂದು ಫೋಟೊ. ಕೃತಿ ಕುರಿತು ಮಾತನಾಡಲು ಬಂದವರು ತಮ್ಮ ಪಾಲಿನ ಹೊತ್ತಿನಲ್ಲಿ ಬಹುಪಾಲನ್ನು ಲೇಖಕರ ಜೊತೆಗಿನ ಹಳೆಯ ಸ್ನೇಹಕ್ಕೆ ಕೊಟ್ಟು, ಉಳಿದದ್ದರಲ್ಲಿ ಬೆನ್ನುಡಿಯನ್ನೇ ಬೇರೆ ಮಾತಿನಲ್ಲಿ ಹೇಳಿ, ಇದು ಕನ್ನಡಕ್ಕೊಂದು ಅಪೂರ್ವ ಕೊಡುಗೆ ಎಂದು ಮುಗಿಸುತ್ತಾರೆ. ಸಭೆ ಮುಗಿದ ಮೇಲೆ ಹೊರಗೆ ಚಹಾದ ಲೋಟ ಹಿಡಿದುಕೊಂಡು ಅದೇ ಜನ ಪಕ್ಕದವರ ಕಿವಿಯಲ್ಲಿ ಬೇರೆಯದೇ ಮಾತಾಡುತ್ತಾರೆ: ನೂರು ಪುಟ ಇಳಿಸಬಹುದಿತ್ತು, ನಾಯಕಿ ಯಾಕೆ ಸತ್ತಳೋ ಗೊತ್ತಾಗಲಿಲ್ಲ, ಸಂಭಾಷಣೆಯಲ್ಲಿ ಎಲ್ಲರೂ ಲೇಖಕರ ಹಾಗೆಯೇ ಮಾತಾಡುತ್ತಾರೆ.

ಹೊರಗೆ ಆಡಿದ ಮಾತು ನಿಜವೇ ಇರಬಹುದು. ಆದರೆ ತಲುಪಬೇಕಾದವರಿಗೆ ಅದು ತಲುಪುವುದಿಲ್ಲ. ತಲುಪಿದರೂ ಪುಸ್ತಕ ಆಗಲೇ ಅಚ್ಚಾಗಿ ಕಟ್ಟುಗಟ್ಟಿ ಕೂತಿದೆ. ಕನ್ನಡದಲ್ಲಿ ಬರೆಯುವವರಿಗೆ ಹೊಗಳಿಕೆಗೂ ಬರವಿಲ್ಲ, ಬೈಗುಳಕ್ಕೂ ಬರವಿಲ್ಲ. ಕೃತಿ ಇನ್ನೂ ಬದಲಾಗಬಲ್ಲ ಸ್ಥಿತಿಯಲ್ಲಿರುವಾಗ, ಬರೆದವರ ಎದುರು ಕೂತು, ಪುಟ ತೆರೆದು ಆಡುವ ಮಾತಿಗೆ ಮಾತ್ರ ಬರ. ಒಬ್ಬರ ಕೃತಿಯ ಬಗ್ಗೆ ಮೆತ್ತಗೆ ಹೇಳಬೇಕೋ ಖಾರವಾಗಿ ಹೇಳಬೇಕೋ ಎಂದು ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಯಾರಿಗೆ, ಯಾವಾಗ, ಯಾವುದರ ಬಗ್ಗೆ ಎನ್ನುವುದು ದನಿಗಿಂತ ದೊಡ್ಡ ಪ್ರಶ್ನೆ.

ಪತ್ರಿಕೆಯ ಪುಸ್ತಕ ವಿಮರ್ಶೆಯನ್ನು ಇಲ್ಲಿ ಬದಿಗಿಡಬೇಕು. ಅದು ಓದುಗನಿಗಾಗಿ ಬರೆದದ್ದು. ಲೇಖಕರನ್ನು ಸಮಾಧಾನಪಡಿಸುವ ಹೊಣೆ ಅದಕ್ಕಿಲ್ಲ. ಅದಕ್ಕಿರುವ ಕನಿಷ್ಠ ಹೊಣೆ ಎಂದರೆ ಪುಸ್ತಕವನ್ನು ಪೂರ್ತಿ ಓದುವುದು. 1818ರಲ್ಲಿ 'ಕ್ವಾರ್ಟರ್ಲಿ ರಿವ್ಯೂ'ನಲ್ಲಿ ಜಾನ್ ವಿಲ್ಸನ್ ಕ್ರೋಕರ್, ಕೀಟ್ಸನ 'ಎಂಡಿಮಿಯನ್' ಕಾವ್ಯವನ್ನು ಹೀಯಾಳಿಸಿದ. ನಾಲ್ಕು ಭಾಗಗಳಲ್ಲಿ ಮೊದಲನೆಯದನ್ನು ದಾಟಿ ಹೋಗಲು ತನ್ನಿಂದ ಆಗಲಿಲ್ಲ ಎಂದು ಅಲ್ಲೇ ಹೇಳಿಕೊಂಡ. ಆ ವಿಮರ್ಶೆಯೇ ಕವಿಯನ್ನು ಕೊಂದಿತು ಎಂಬ ಕತೆಯನ್ನು ಶೆಲ್ಲಿ ನಂಬಿದ, ಬೈರನ್ ಅದನ್ನೇ ಕುಚೋದ್ಯ ಮಾಡಿದ. 1821ರಲ್ಲಿ, 25ನೇ ವಯಸ್ಸಿಗೆ ಕೀಟ್ಸ್ ರೋಮಿನಲ್ಲಿ ಸತ್ತದ್ದು ಕ್ಷಯದಿಂದ. ತನ್ನ ಬರಹವನ್ನು ತಾನೇ ಒರೆಗೆ ಹಚ್ಚುವಾಗ ಆಗುವ ನೋವಿನ ಮುಂದೆ ಪತ್ರಿಕೆಯವರು ಕೊಟ್ಟ ನೋವು ಏನೂ ಅಲ್ಲ ಎಂದು ಆತ ವಿಮರ್ಶೆ ಬಂದ 1818ರಲ್ಲೇ ಕಾಗದ ಬರೆದಿದ್ದ. ಕೃತಿ ಕಟ್ಟುವವರು ಸಾಮಾನ್ಯವಾಗಿ ನಾವು ಅಂದುಕೊಂಡಷ್ಟು ಮೆದು ಇರುವುದಿಲ್ಲ.

ಕರಡಿನ ಮೇಲೆ ಆಡಿದ ಮಾತು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ 20ನೇ ಶತಮಾನದ ಅತಿ ಪ್ರಸಿದ್ಧ ಸಾಕ್ಷಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿದೆ. ಟಿ.ಎಸ್. ಎಲಿಯಟ್ 1921ರ ಕೊನೆಯಲ್ಲಿ, ಮನಸ್ಸು ಕುಸಿದಿದ್ದ ಕಾಲದಲ್ಲಿ ಬರೆದ 'ದ ವೇಸ್ಟ್ ಲ್ಯಾಂಡ್' ಕವನದ ಕರಡು ಅದು. ಅದನ್ನು ಆತ ಪ್ಯಾರಿಸಿನಲ್ಲಿದ್ದ ಗೆಳೆಯ ಎಜ್ರಾ ಪೌಂಡನ ಕೈಗಿಟ್ಟ. ಪೌಂಡ್ ಪೆನ್ಸಿಲ್ಲು, ಪೆನ್ನು ಎರಡನ್ನೂ ಹಿಡಿದು ಕೂತ. ಪೋಪ್ ಕವಿಯ ಧಾಟಿಯ ದ್ವಿಪದಿಗಳ ಉದ್ದನೆಯ ಭಾಗವೊಂದಿತ್ತು. ಈ ಕೆಲಸವನ್ನು ಪೋಪನೇ ಇದಕ್ಕಿಂತ ಚೆನ್ನಾಗಿ ಮಾಡಿಟ್ಟಿದ್ದಾನೆ ಎಂದು ಅದನ್ನು ಹೊಡೆದುಹಾಕಿದ. ಹಡಗಿನ ಕತೆಯ ಹತ್ತಾರು ಸಾಲು ಹೋಯಿತು, ನಾಲ್ಕನೇ ಭಾಗದಲ್ಲಿ ಉಳಿದದ್ದು ಹತ್ತೇ ಸಾಲು. 'ಬಹುಶಃ' ಎಂದು ಕವಿ ಅನುಮಾನಿಸಿದ ಕಡೆ ಅಂಚಿನಲ್ಲಿ ಗದರಿಕೆ. ಕವನ ಅರ್ಧಕ್ಕೆ ಇಳಿಯಿತು. ಕೈ ಸೋತ ಎಲಿಯಟ್, ಹಾಗಾದರೆ ಉಳಿದ ಆ ಹತ್ತು ಸಾಲನ್ನೂ ತೆಗೆದುಬಿಡಲೇ ಎಂದು ಕೇಳಿದ. ಖಂಡಿತ ಬೇಡ, ಅದಿಲ್ಲದೆ ಕವನ ನಿಲ್ಲುವುದಿಲ್ಲ ಎಂದು ಪೌಂಡ್ ಹಟ ಹಿಡಿದ.

ಕತ್ತರಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಉಳಿಸಿದ್ದನ್ನು ಹೇಳುವವರು ಕಡಿಮೆ. ಈ ಇಡೀ ಪ್ರಸಂಗದಲ್ಲಿ ಕಲಿಯಬೇಕಾದದ್ದು ಆ ಹತ್ತು ಸಾಲಿನಲ್ಲಿದೆ. ಪೌಂಡನ ಸ್ವಂತ ಕಾವ್ಯದ ಜಾಡು ಬೇರೆ. ಆದರೂ ಎಲಿಯಟ್ಟನ ಕವನ ಏನಾಗಲು ಹೊರಟಿದೆ ಎಂಬುದನ್ನು ಹಿಡಿದು, ಅದಕ್ಕೆ ಬೇಡವಾದದ್ದನ್ನು ತೆಗೆದ. ಬೇಕಾದದ್ದನ್ನು ಕವಿಯ ಕೈಯಿಂದಲೇ ಕಾಪಾಡಿದ. ಅದೇ ಕರಡಿನ ಇನ್ನೊಂದು ಭಾಗದ ಅಂಚಿನಲ್ಲಿ ಎಲಿಯಟ್ಟನ ಹೆಂಡತಿ ವಿವಿಯನ್ 'ಅದ್ಭುತ' ಎಂದು ಬರೆದಿದ್ದಾಳೆ, ತಾನೇ ಒಂದು ಸಾಲನ್ನೂ ಸೂಚಿಸಿದ್ದಾಳೆ. ಆ ಭಾಗ ಓದಿದವರಿಗೆ ಅದು ಒಂದು ಬಳಲಿದ ದಾಂಪತ್ಯದ ಚಿತ್ರ ಎಂದು ಗೊತ್ತಿರುತ್ತದೆ. ಹೆಂಡತಿಯ ಮೆಚ್ಚುಗೆಯ ತೂಕ ಆಗ ತಿಳಿಯುತ್ತದೆ. 1922ರಲ್ಲಿ ಕವನ ಹೊರಬಂತು. ಮುಂದೆ ಎಲಿಯಟ್ ಅದನ್ನು ತನಗಿಂತ ಮೇಲಾದ ಕಸುಬುದಾರನೆಂದು ಪೌಂಡನಿಗೇ ಅರ್ಪಿಸಿದ. 1971ರಲ್ಲಿ ಎಲಿಯಟ್ಟನ ಎರಡನೇ ಹೆಂಡತಿ ವ್ಯಾಲರಿ ಕರಡಿನ ಪಡಿಯಚ್ಚನ್ನು ಪ್ರಕಟಿಸಿದ್ದರಿಂದ ಈ ಗೀಟುಗಳೆಲ್ಲ ಈಗ ಯಾರು ಬೇಕಾದರೂ ನೋಡಬಹುದಾದ ಸಂಗತಿ.

ಸ್ಕ್ರಿಬ್ನರ್ಸ್ ಪ್ರಕಾಶನದ ಮ್ಯಾಕ್ಸ್‌ವೆಲ್ ಪರ್ಕಿನ್ಸನ ಕೈ ಇದಕ್ಕಿಂತ ಹಗುರ. 1924ರ ನವೆಂಬರಿನಲ್ಲಿ 'ದ ಗ್ರೇಟ್ ಗ್ಯಾಟ್ಸ್‌ಬಿ'ಯ ಹಸ್ತಪ್ರತಿ ಓದಿ ಆತ ಸ್ಕಾಟ್ ಫಿಟ್ಜ್‌ಜೆರಾಲ್ಡನಿಗೆ ಉದ್ದನೆಯ ಕಾಗದ ಬರೆದ. ಮೆಚ್ಚಿದ್ದನ್ನು ಹೆಸರಿಟ್ಟು ಹೇಳಿದ. ಆಮೇಲೆ, ಉಳಿದ ಪಾತ್ರಗಳು ಬೀದಿಯಲ್ಲಿ ಕಂಡರೆ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿವೆ, ಗ್ಯಾಟ್ಸ್‌ಬಿ ಮಾತ್ರ ಕಣ್ಣಿಗೆ ನಿಲುಕುತ್ತಿಲ್ಲ, ಅವನ ಹಣ ಎಲ್ಲಿಂದ ಬಂತು ಎಂಬುದರ ಸುಳಿವೂ ಸಾಲದು ಎಂದ. ಹೀಗೆ ಬರೆ ಎಂದು ಎಲ್ಲೂ ಅಪ್ಪಣೆ ಮಾಡಲಿಲ್ಲ. ಫಿಟ್ಜ್‌ಜೆರಾಲ್ಡನ ಉತ್ತರ ಸೊಗಸಾಗಿದೆ: ಗ್ಯಾಟ್ಸ್‌ಬಿ ನೋಡಲು ಹೇಗಿದ್ದಾನೆ, ಏನು ಮಾಡುತ್ತಾನೆ ಎಂಬುದು ತನಗೇ ಗೊತ್ತಿರಲಿಲ್ಲ, ಅದನ್ನು ನೀನು ಪತ್ತೆ ಹಚ್ಚಿದೆ ಎಂದು ಒಪ್ಪಿಕೊಂಡ. ಓದುವಾಗ ತನಗೆ ಏನಾಯಿತು ಎಂಬುದನ್ನಷ್ಟೇ ಪರ್ಕಿನ್ಸ್ ಪ್ರಾಮಾಣಿಕವಾಗಿ ವರದಿ ಮಾಡಿದ್ದ. ಕಾಯಿಲೆ ಏನೆಂದು ಲೇಖಕನೇ ಕಂಡುಕೊಂಡ, ಮದ್ದನ್ನೂ ಅವನೇ ಅರೆದ.

ಕತ್ತರಿ ಹಿಡಿದವರೆಲ್ಲ ಪೌಂಡ್ ಆಗುವುದಿಲ್ಲ ಎಂಬುದಕ್ಕೆ ರೇಮಂಡ್ ಕಾರ್ವರನ ಕತೆ ಇದೆ. ಕುಡಿತ ಬಿಟ್ಟು ಮೂರು ವರ್ಷವಾಗಿದ್ದ ಕಾರ್ವರ್ 1980ರಲ್ಲಿ ತನ್ನ ಕಥಾಸಂಕಲನವನ್ನು ಸಂಪಾದಕ ಗಾರ್ಡನ್ ಲಿಶ್‌ಗೆ ಕೊಟ್ಟ. ಲಿಶ್ ಒಟ್ಟು ಪಠ್ಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಿತ್ತುಹಾಕಿದ, ಕತೆಗಳ ಹೆಸರು ಬದಲಿಸಿದ, ಕೊನೆಗಳನ್ನೂ ತಿರುಚಿದ. ಜುಲೈ 8ರಂದು ಕಾರ್ವರ್ ಅವನಿಗೆ ಬರೆದ ಕಾಗದ ಓದಲು ಕಷ್ಟವಾಗುತ್ತದೆ. ಪುಸ್ತಕ ನಿಲ್ಲಿಸು, ಇದು ಹೀಗೆ ಹೊರಬಂದರೆ ನಾನು ಮತ್ತೆ ಬರೆಯಲಾರೆ ಎಂದು ಅಂಗಲಾಚುತ್ತಾನೆ. ಪುಸ್ತಕ 1981ರಲ್ಲಿ ಲಿಶ್ ಬಯಸಿದ ರೂಪದಲ್ಲೇ ಬಂತು, ಭಾರಿ ಹೆಸರನ್ನೂ ಗಳಿಸಿತು. ಅದು ಉತ್ತಮ ಪುಸ್ತಕ ಎಂದು ವಾದಿಸುವವರು ಇಂದಿಗೂ ಇದ್ದಾರೆ, ಅವರ ವಾದ ಸುಳ್ಳೂ ಅಲ್ಲ. ಆದರೆ ಮಗ ಸತ್ತ ತಂದೆತಾಯಿಯ ಕತೆಯೊಂದನ್ನು ಲಿಶ್ ಮೂರನೇ ಒಂದು ಪಾಲಿಗಿಂತಲೂ ಕಡಿಮೆಗೆ ಇಳಿಸಿದ್ದ. ಕಾರ್ವರ್ ಅದನ್ನು 1983ರ ಸಂಕಲನದಲ್ಲಿ ಮತ್ತೆ ಉದ್ದವಾಗಿಯೇ ಪ್ರಕಟಿಸಿದ. ಮೂಲ ಹಸ್ತಪ್ರತಿ ಇಡಿಯಾಗಿ ಬೆಳಕು ಕಂಡದ್ದು 2009ರಲ್ಲಿ, ಲೇಖಕ ತೀರಿಕೊಂಡು 21 ವರ್ಷದ ನಂತರ. ಕೃತಿಗೆ ಒಳ್ಳೆಯದಾಯಿತೋ ಇಲ್ಲವೋ ಎಂಬುದಕ್ಕೂ ಬರೆದವನಿಗೆ ನ್ಯಾಯವಾಯಿತೋ ಇಲ್ಲವೋ ಎಂಬುದಕ್ಕೂ ಬೇರೆ ಬೇರೆ ಉತ್ತರ ಇರಬಹುದು. ಹಸ್ತಪ್ರತಿಯ ಮೇಲಿನ ಕೊನೆಯ ಮಾತು ಬರೆದವರದೇ ಆಗಿರಬೇಕು. ಅದನ್ನು ಕಿತ್ತುಕೊಂಡ ಸಲಹೆ ಎಷ್ಟೇ ಜಾಣತನದ್ದಾದರೂ ದಬ್ಬಾಳಿಕೆಯೇ.

ತಪ್ಪು ಹುಡುಕುವ ಚಟ ನಮ್ಮಲ್ಲೇನೂ ಹೊಸದಲ್ಲ. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ತನ್ನ ಮೊದಲ ಪರಿಚ್ಛೇದವನ್ನು ಕಾವ್ಯದ ದೋಷ, ಅದೋಷಗಳ ನಿರ್ಣಯಕ್ಕೇ ಮೀಸಲಿಟ್ಟಿದೆ. ಕನ್ನಡಿಗರು ಓದದೆಯೇ ಕಾವ್ಯ ಬಲ್ಲವರೆಂದು ಮೆಚ್ಚಿದ ಆ ಗ್ರಂಥವೇ, ಅರಿಯದವರೂ ಅರಿತವರ ಹಾಗೆ ಕೃತಿಗಳಲ್ಲಿ ಕೊರತೆ ಎತ್ತಿ ಆಡುತ್ತಾರೆ ಎಂದೂ ಸಣ್ಣಗೆ ಚಿವುಟುತ್ತದೆ. ಮೊದಲ ಮಾತನ್ನು ನಾವು ಭಾಷಣಗಳಲ್ಲಿ ಸಾವಿರ ಸಲ ಕೇಳಿದ್ದೇವೆ. ಎರಡನೆಯದನ್ನು ವೇದಿಕೆಯಲ್ಲಿ ಹೇಳುವವರು ಅಪರೂಪ.

ಭರತನ ನಾಟ್ಯಶಾಸ್ತ್ರ ಇದಕ್ಕೊಂದು ದಾರಿ ಹುಡುಕಿತ್ತು. ಅದರ 27ನೇ ಅಧ್ಯಾಯದಲ್ಲಿ ಪ್ರಯೋಗದ ಗುಣದೋಷ ಹೇಳುವ ಪ್ರಾಶ್ನಿಕರ ಪಟ್ಟಿ ಬರುತ್ತದೆ. ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ವ್ಯಾಕರಣ ಬಲ್ಲವನು, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜ, ರಾಜಸೇವಕ. ರಂಗದ ಮೇಲೆ ಬಿಲ್ಲು ಹಿಡಿದ ಭಂಗಿ ಸರಿಯೇ ಎಂದು ಹೇಳಬೇಕಾದವನು ಬಿಲ್ಲುಗಾರ; ದೊರೆಗೆ ನಮಸ್ಕರಿಸುವ ರೀತಿ ಸರಿಯೇ ಎನ್ನುವುದು ಅರಮನೆಯ ಆಳಿಗೆ ಗೊತ್ತು. ಇಂದಿಗೂ ಇದು ಕೆಲಸಕ್ಕೆ ಬರುವ ಬುದ್ಧಿ. ಕರಾವಳಿಯ ಬೀಡಿ ಕಟ್ಟುವ ಹೆಂಗಸರ ಬಗ್ಗೆ ಕಾದಂಬರಿ ಬರೆದವರು ಕರಡನ್ನು ವಿಮರ್ಶಕರಿಗೆ ತೋರಿಸುವ ಮೊದಲು ಬೀಡಿ ಕಟ್ಟಿದವರೊಬ್ಬರಿಗೆ ಓದಿ ಹೇಳುವುದು ಒಳ್ಳೆಯದು. ಓದುವವರ ಕಡೆಯಿಂದಲೂ ಅಷ್ಟೆ: ತನಗೆ ಯಾವುದು ಗೊತ್ತಿದೆಯೋ ಅದರ ಬಗ್ಗೆ ಗಟ್ಟಿಯಾಗಿ, ಉಳಿದದ್ದರ ಬಗ್ಗೆ ಬರೀ ಓದುಗನಾಗಿ ಮಾತಾಡಬೇಕು.

ಈ ವಿದ್ಯೆಯನ್ನು ಆರು ವರ್ಷದ ಮಕ್ಕಳಿಗೂ ಕಲಿಸಬಹುದು. ಅಮೆರಿಕದ ಶಿಕ್ಷಕ ರಾನ್ ಬರ್ಗರ್ ಹಳ್ಳಿಯ ಶಾಲೆಯಲ್ಲಿ 25 ವರ್ಷಕ್ಕೂ ಹೆಚ್ಚು ಕಾಲ ಪಾಠ ಮಾಡಿದವರು, ಬಡಗಿ ಕೆಲಸವನ್ನೂ ಮಾಡಿದವರು. ಅವರು ತರಗತಿಗಳಲ್ಲಿ ತೋರಿಸುವ ಚಿತ್ರಗಳ ಸರಣಿಯೊಂದಿದೆ. ಐಡಹೊ ರಾಜ್ಯದ ಒಂದನೇ ತರಗತಿಯ ಹುಡುಗನೊಬ್ಬ ಫೋಟೊ ನೋಡಿಕೊಂಡು ಚಿಟ್ಟೆಯ ಚಿತ್ರ ಬರೆಯಬೇಕಿತ್ತು. ಮೊದಲ ಸಲ ಬರೆದದ್ದು ಎಲ್ಲ ಮಕ್ಕಳೂ ಬರೆಯುವ ಚಿಟ್ಟೆ. ಮೇಷ್ಟ್ರು 'ಚೆನ್ನಾಗಿದೆ ಪುಟ್ಟಾ' ಎಂದು ಗೋಡೆಗೆ ಅಂಟಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಬದಲಿಗೆ ಸಹಪಾಠಿಗಳು ಕೂತು ಫೋಟೊ, ಚಿತ್ರ ಎರಡನ್ನೂ ಹೋಲಿಸಿ ನೋಡಿದರು. ಮೊದಲು ರೆಕ್ಕೆಯ ಆಕಾರದ ಬಗ್ಗೆ ಮಾತ್ರ ಹೇಳಿದರು: ರೆಕ್ಕೆ ದುಂಡಗಿಲ್ಲ, ಚೂಪಾಗಿದೆ, ಕೆಳಗೆ ಬಾಲದ ಹಾಗೆ ಇಳಿದಿದೆ. ಆಕಾರ ಸರಿಯಾದ ಮೇಲೆ ರೆಕ್ಕೆಯ ಪಟ್ಟೆಗಳ ಮಾತು. ಆರನೆಯ ಚಿತ್ರ ನೋಡಿದವರು ಇದನ್ನು ಮಗು ಬರೆದದ್ದೆಂದರೆ ನಂಬುವುದಿಲ್ಲ. ಬರ್ಗರ್ ಮಕ್ಕಳಿಗೆ ಹಾಕುವ ಷರತ್ತು ಮೂರೇ: ಮಾತಿನಲ್ಲಿ ಮಮತೆ ಇರಲಿ, ಮಾತು ನಿರ್ದಿಷ್ಟವಾಗಿರಲಿ, ಉಪಯೋಗಕ್ಕೆ ಬರಲಿ.

ಅನುಕ್ರಮವನ್ನು ಗಮನಿಸಬೇಕು. ಆಕಾರ ಮೊದಲು, ಪಟ್ಟೆ ಆಮೇಲೆ. ಕನ್ನಡದ ಹಸ್ತಪ್ರತಿ ಓದುವವರಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಮೂರನೇ ಅಧ್ಯಾಯವೇ ಬೇಡವಾಗಿರುವ ಕಾದಂಬರಿಯಲ್ಲಿ ಆ ಅಧ್ಯಾಯದ ಅಲ್ಪಪ್ರಾಣ, ಮಹಾಪ್ರಾಣಗಳನ್ನೆಲ್ಲ ತಿದ್ದಿ ಕೊಡುತ್ತಾರೆ. ಲೇಖಕರು ಧನ್ಯವಾದ ಹೇಳಿ, ತಿದ್ದಿದ ಅಧ್ಯಾಯವನ್ನು ಕಳೆದುಕೊಳ್ಳಲು ಇನ್ನಷ್ಟು ಹಿಂಜರಿಯುತ್ತಾರೆ.

ಅಭಿಪ್ರಾಯ ಹೇಳಿದರೆ ಸಾಕು, ಕೆಲಸ ಸುಧಾರಿಸುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ ಎಂಬ ಮನಶ್ಶಾಸ್ತ್ರಜ್ಞರು 1996ರಲ್ಲಿ ಹಳೆಯ ಅಧ್ಯಯನಗಳ 607 ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದರು. ಸರಾಸರಿಯಲ್ಲಿ ಲಾಭವೇ ಕಂಡಿತು. ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಕಡೆ ಅಭಿಪ್ರಾಯ ಕೇಳಿದ ಮೇಲೆ ಕೆಲಸ ಹದಗೆಟ್ಟಿತ್ತು. ಗಮನ ಕೆಲಸದಿಂದ ಸರಿದು 'ನಾನು ಎಂಥವನು' ಎಂಬ ಕಡೆಗೆ ಹೋದಷ್ಟೂ ಹಾನಿ ಹೆಚ್ಚು ಎಂದು ಅವರು ವಿವರಿಸಿದರು. ನಿನಗೆ ಕಾವ್ಯ ಒಗ್ಗುವುದಿಲ್ಲ ಎನ್ನುವುದು ಮಾತ್ರ ಇಲ್ಲಿ ಅಪಾಯ ಅಲ್ಲ, ನೀನು ಹುಟ್ಟು ಕವಿ ಎನ್ನುವುದೂ ಅಪಾಯವೇ. ಎರಡೂ ಮಾತು ಕವನವನ್ನು ಬಿಟ್ಟು ಕವಿಯನ್ನು ಹಿಡಿದುಕೊಳ್ಳುತ್ತವೆ.

2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಮೆರಿಕದ ಏಳನೇ ತರಗತಿಯ ಮಕ್ಕಳ ಪ್ರಬಂಧಗಳಿಗೆ ಮೇಷ್ಟ್ರು ತಿದ್ದುಪಡಿ ಬರೆದುಕೊಟ್ಟರು. ಕೆಲವರ ಹಾಳೆಗೆ ಒಂದು ಚೀಟಿ ಅಂಟಿತ್ತು: ನಿನ್ನಿಂದ ಹೆಚ್ಚಿನದನ್ನು ನಿರೀಕ್ಷಿಸುತ್ತೇನೆ, ನೀನು ಅದನ್ನು ಮುಟ್ಟಬಲ್ಲೆ ಎಂದು ಗೊತ್ತಿರುವುದರಿಂದಲೇ ಇದನ್ನೆಲ್ಲ ಬರೆದಿದ್ದೇನೆ ಎಂಬರ್ಥದ ಮಾತು. ಉಳಿದವರಿಗೆ ಸಪ್ಪೆ ಒಕ್ಕಣೆಯ ಚೀಟಿ. ಕಪ್ಪು ಮಕ್ಕಳಲ್ಲಿ ಪ್ರಬಂಧವನ್ನು ಮತ್ತೆ ಬರೆದು ತಂದವರ ಪ್ರಮಾಣ ಸಪ್ಪೆ ಚೀಟಿ ಸಿಕ್ಕಾಗ ನೂರಕ್ಕೆ 17 ಇದ್ದರೆ, ಈ ಚೀಟಿ ಸಿಕ್ಕಾಗ 70ನ್ನು ದಾಟಿತು. ಸಣ್ಣ ಗುಂಪಿನ ಅಧ್ಯಯನ, ಅದರ ಮೇಲೆ ಮನೆ ಕಟ್ಟಬೇಕಿಲ್ಲ. ಆದರೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ತಪ್ಪುಗಳ ಪಟ್ಟಿಯಲ್ಲಿ ಒಂದನ್ನೂ ಬಿಟ್ಟಿರಲಿಲ್ಲ, ಒಂದನ್ನೂ ಮೆತ್ತಗೆ ಮಾಡಿರಲಿಲ್ಲ. ಯಾಕೆ ಹೇಳುತ್ತಿದ್ದೇನೆ ಎಂಬುದನ್ನು ಮಾತ್ರ ತಿಳಿಸಿದ್ದರು.

ನೃತ್ಯ ಸಂಯೋಜಕಿ ಲಿಜ್ ಲೆರ್ಮನ್ 1990ರಲ್ಲಿ ರೂಪಿಸಿದ ಕ್ರಮವನ್ನು ಇಂದು ರಂಗಭೂಮಿ, ಸಂಗೀತ, ಸಾಹಿತ್ಯದ ಕಮ್ಮಟಗಳಲ್ಲೂ ಬಳಸುತ್ತಾರೆ. ಅದರಲ್ಲಿ ನಾಲ್ಕು ಹಂತ. ಮೊದಲು ನೋಡಿದವರು ತಮಗೆ ಯಾವುದು ತಟ್ಟಿತು, ಯಾವುದು ನೆನಪಿನಲ್ಲಿ ನಿಂತಿತು ಎಂದು ಹೇಳುತ್ತಾರೆ. ಆಮೇಲೆ ಕಲಾವಿದರೇ ಪ್ರಶ್ನೆ ಕೇಳುತ್ತಾರೆ. ಮೂರನೆಯದರಲ್ಲಿ ನೋಡಿದವರು ಕೇಳಬೇಕು, ಆದರೆ ತೀರ್ಪನ್ನು ಒಳಗೆ ಬಚ್ಚಿಟ್ಟ ಪ್ರಶ್ನೆ ಕೂಡದು. 'ಎರಡನೇ ಅಂಕವನ್ನು ಯಾಕೆ ಇಷ್ಟು ಎಳೆದಿರಿ' ಎನ್ನುವುದು ಪ್ರಶ್ನೆಯ ವೇಷದ ಬೈಗುಳ. 'ಎರಡನೇ ಅಂಕದ ಹೊತ್ತಿಗೆ ಪ್ರೇಕ್ಷಕರ ಮನಸ್ಸು ಹೇಗಿರಬೇಕು ಅಂತ ನಿಮ್ಮ ಎಣಿಕೆ' ಎಂದರೆ ನಿರ್ದೇಶಕರು ಯೋಚಿಸತೊಡಗುತ್ತಾರೆ. ಕೊನೆಯ ಹಂತದಲ್ಲಷ್ಟೇ ಅಭಿಪ್ರಾಯ, ಅದೂ ಕೇಳಿಕೊಂಡು: ವೇಷಭೂಷಣದ ಬಗ್ಗೆ ನನ್ನದೊಂದು ಮಾತಿದೆ, ಹೇಳಲೇ? ಬೇಡ ಎನ್ನುವ ಹಕ್ಕು ಕಲಾವಿದರಿಗಿದೆ. ಎಲ್ಲ ಕಡೆಯೂ ಇಷ್ಟು ಮಡಿ ಪಾಲಿಸಲಾಗದು. ಹತ್ತಿರದ ಗೆಳೆಯರ ನಡುವೆ ಇದು ಕೃತಕವಾಗಿ ಕಾಣುವುದೂ ಉಂಟು. ಆದರೆ ಮೂರನೆಯ ಹಂತವೊಂದನ್ನು ಅಭ್ಯಾಸ ಮಾಡಿದರೂ ಅರ್ಧ ಜಗಳ ತಪ್ಪುತ್ತದೆ.

ಕನ್ನಡದ ಅತಿ ದೊಡ್ಡ ತಿರುವೊಂದು ಬಂದದ್ದೇ ಒಂದು ಪ್ರಶ್ನೆಯಿಂದ. ಮೈಸೂರಿನಲ್ಲಿ ಓದುತ್ತಿದ್ದ ಯುವಕ ಪುಟ್ಟಪ್ಪ, ಅಂದರೆ ಮುಂದಿನ ಕುವೆಂಪು, 1922ರಲ್ಲೇ 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಕವನಗಳ ಸಂಕಲನ ಪ್ರಕಟಿಸಿದ್ದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತಮ್ಮ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದರು. ಕಸಿನ್ಸ್ ಅವುಗಳ ಒಪ್ಪುತಪ್ಪು ಎಣಿಸುವ ಬದಲು, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ವಿಚಾರಿಸಿದರು. ಕನ್ನಡಕ್ಕೆ ಅಂಥ ಕಸುವಿಲ್ಲ ಎಂಬ ವಾದ ಬಂದಾಗ, ಕಸುವು ತುಂಬಬೇಕಾದವರು ಬರೆಯುವವರೇ ಎಂದು ಬಂಗಾಳಿಯ ಉದಾಹರಣೆ ಕೊಟ್ಟರು. ಯುವಕನಿಗೆ ಆ ಕ್ಷಣ ಅದು ಹಿಡಿಸಲಿಲ್ಲ. ಕುವೆಂಪು ಅವರೇ 'ನೆನಪಿನ ದೋಣಿಯಲ್ಲಿ' ಈ ಪ್ರಸಂಗವನ್ನು ವಿವರವಾಗಿ ದಾಖಲಿಸಿದ್ದಾರೆ. 'ಶ್ರೀ ರಾಮಾಯಣ ದರ್ಶನಂ' ಬಂದದ್ದು ಅಲ್ಲಿಂದ 25 ವರ್ಷದ ನಂತರ, 1949ರಲ್ಲಿ. ಕವನಗಳು ಚೆನ್ನಾಗಿವೆ ಎಂದು ಬೆನ್ನು ತಟ್ಟಿ ಕಳಿಸುವುದು ಕಸಿನ್ಸ್‌ಗೆ ಅತಿ ಸುಲಭದ ದಾರಿಯಾಗಿತ್ತು.

ಧಾರವಾಡದ ಕೀರ್ತಿನಾಥ ಕುರ್ತಕೋಟಿಯವರ ಒಂದು ಮಾತೂ ಹೀಗೆಯೇ ಫಲ ಕೊಟ್ಟಿತು. ಕನ್ನಡ ಸಾಹಿತ್ಯದ ಸಮೀಕ್ಷೆ ಬರೆಯುತ್ತ ಅವರು, ನಮ್ಮಲ್ಲಿ ಐತಿಹಾಸಿಕ ನಾಟಕವನ್ನು ಬರ್ನಾರ್ಡ್ ಷಾ ಬಗೆಯಲ್ಲಿ ದುಡಿಸಿಕೊಂಡವರು ಇಲ್ಲ ಎಂದು ಕೊರತೆ ಹೇಳಿದರು. ಅದನ್ನೋದಿದ ಗಿರೀಶ ಕಾರ್ನಾಡರು ಇತಿಹಾಸದ ಪುಸ್ತಕ ತೆರೆದು ಕೂತರು. 1964ರಲ್ಲಿ 'ತುಘಲಕ್' ಬಂತು. ಯಾರನ್ನೂ ಹಂಗಿಸದೆ, ಖಾಲಿ ಇರುವ ಜಾಗವನ್ನು ಬೆರಳಿಟ್ಟು ತೋರಿಸಿದ ವಿಮರ್ಶೆ ಅದು. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ಹಿಂದಿನ ರಾತ್ರಿ ನೋಡಿದ ನಾಟಕದ ಮೇಲೆ ಮರುದಿನ ಬೆಳಿಗ್ಗೆ ಚರ್ಚೆ ನಡೆಯುವ ಪದ್ಧತಿಯನ್ನೂ ಇದೇ ಸಾಲಿಗೆ ಸೇರಿಸಬೇಕು. ಅಧ್ಯಾಪಕರು, ರೈತರು, ವಿದ್ಯಾರ್ಥಿಗಳು ಒಂದೇ ಸಭೆಯಲ್ಲಿ ಮಾತಾಡುತ್ತಾರೆ. ನಾಟಕ ಮತ್ತೆ ಪ್ರದರ್ಶನವಾಗುವುದಿದೆ, ಆದ್ದರಿಂದ ಆಡಿದ ಮಾತಿಗೆ ಕೆಲಸ ಇದೆ.

ಪುಸ್ತಕಗಳ ವಿಷಯದಲ್ಲಿ ಇಂಥ ಏರ್ಪಾಡು ನಮ್ಮಲ್ಲಿ ದುರ್ಬಲ. ಕನ್ನಡ ಪ್ರಕಾಶಕರಲ್ಲಿ ಕರಡಚ್ಚು ತಿದ್ದುವವರು ಸಿಗುತ್ತಾರೆ, ಪರ್ಕಿನ್ಸನ ಹಾಗೆ ಹಸ್ತಪ್ರತಿಯ ಜೊತೆ ಕೂರುವ ಸಂಪಾದಕರು ವಿರಳ. ಆ ಕೆಲಸ ಬೀಳುವುದು ಗೆಳೆಯರ ಮೇಲೆ, ಮೇಷ್ಟ್ರುಗಳ ಮೇಲೆ, ಮುನ್ನುಡಿ ಬರೆಯಲು ಒಪ್ಪಿಕೊಂಡ ಹಿರಿಯರ ಮೇಲೆ. ಮುನ್ನುಡಿಗೆಂದು ಹಸ್ತಪ್ರತಿ ಹೋಗುವ ಹೊತ್ತಿಗೆ ಪುಟ ವಿನ್ಯಾಸ ಮುಗಿದು, ಮುಖಪುಟ ಸಿದ್ಧವಾಗಿ, ಬಿಡುಗಡೆಯ ದಿನಾಂಕವೂ ಗೊತ್ತಾಗಿರುತ್ತದೆ. ಆಗ ಹಿರಿಯರು ಹೊಗಳದೆ ಇನ್ನೇನು ಮಾಡಿಯಾರು? ಬರೆಯುವವರು ಮುನ್ನುಡಿ ಕೇಳುವುದಕ್ಕೆ ಆರು ತಿಂಗಳು ಮೊದಲೇ, ಮುನ್ನುಡಿಯ ಮಾತೇ ಎತ್ತದೆ, ಬರೀ ಓದಿ ಹೇಳಿ ಎಂದು ಕೊಡಬೇಕು.

ಕೊಡುವಾಗ ಏನು ಬೇಕು ಎಂಬುದನ್ನೂ ಬಿಡಿಸಿ ಹೇಳಬೇಕು: ಎಲ್ಲಿ ಬೇಸರವಾಯಿತು ಅಷ್ಟು ಸಾಕೇ, ಅಥವಾ ಸಾಲು ಸಾಲೂ ನೋಡಬೇಕೇ? ಓದುವವರಿಗೆ ಬಿಡುವಿಲ್ಲದಿದ್ದರೆ ಆ ದಿನವೇ ಹಾಗೆಂದು ಹೇಳಿ ಹಸ್ತಪ್ರತಿ ಹಿಂತಿರುಗಿಸಲಿ. ತಿಂಗಳುಗಟ್ಟಲೆ ಮೇಜಿನ ಮೇಲಿಟ್ಟುಕೊಂಡು ಕೊನೆಗೆ 'ಚೆನ್ನಾಗಿದೆ, ಪ್ರಕಟಿಸಿ' ಎನ್ನುವುದು ಬರೆದವರಿಗೆ ಮಾಡುವ ಅವಮಾನ. ಬಿಡುವಿದ್ದರೆ ಮೊದಲ ಸಲ ಪೆನ್ಸಿಲ್ ಹಿಡಿಯದೆ ಪೂರ್ತಿ ಓದಿ. ಎರಡನೇ ಸಲ ಎಲ್ಲಿ ಮನಸ್ಸು ಆಚೆ ಹೋಯಿತೋ ಆ ಪುಟದ ಅಂಚಿನಲ್ಲಿ ಒಂದು ಗೀಟು ಹಾಕಿ, ಉಳಿಯಲೇಬೇಕಾದ ಜಾಗಕ್ಕೂ ಒಂದು ಗುರುತು ಹಾಕಿ, ಬರೆದವರನ್ನು ಮನೆಗೆ ಕರೆದು ಎದುರು ಕೂತು ಮಾತಾಡಿ.